ಬ್ಯಾನರಿನ ಮೇಲಿನ ಕಣ್ಣು

ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಆಟೋದವನಿಗೆ "ಲಾಡ್ಜಿಗೆ ಹೋಗ್ಬೇಕು" ಎಂದರೆ ಅವನು ನನ್ನ ಕೈಚೀಲ ನೋಡಿ, "ಎಷ್ಟು ಜನ ಸಾರ್? ಬಿಸಿನೀರು ಇರೋದು ಬೇಕಾ?" ಎಂದು ಕೇಳುತ್ತಾನೆ. ತಪ್ಪು ಅವನದಲ್ಲ. ಈ ಊರಿನಲ್ಲಿ ಲಾಡ್ಜ್ ಎಂದರೆ ಪ್ರವಾಸಿಗಳು ರೂಮು ಹಿಡಿಯುವ ಜಾಗ. ನಾನು ಹೋಗಬೇಕಾದ ಲಾಡ್ಜಿನಲ್ಲಿ ಹಾಸಿಗೆಯೇ ಇಲ್ಲ, ಕುರ್ಚಿಯಲ್ಲಿ ಕೂತು ತೂಕಡಿಸುವವರು ಮಾತ್ರ ಇದ್ದಾರೆ. ಇಳಿಜಾರಿನ ಹಳೇ ಹೆಂಚಿನ ಕಟ್ಟಡ, ಬಾಗಿಲ ಮೇಲೆ ತ್ರಿಕೋನದೊಳಗೆ ಒಂದು ಕಣ್ಣು ಬರೆದಿದೆಯಲ್ಲ ಎಂದು ಗುರುತು ಹೇಳಿದ ಕೂಡಲೇ ಅವನ ಮುಖ ಬದಲಾಗುತ್ತದೆ. "ಓ, ತಲೆ ಕಡಿಯೋ ಬಂಗ್ಲೆಯಾ? ಗೇಟಿನ ತನಕ ಬಿಡ್ತೇನೆ ಸಾರ್, ಒಳಗೆ ಬರೂದಿಲ್ಲ" ಎನ್ನುತ್ತಾನೆ.

ನಾನು ಆ ಬಂಗ್ಲೆಯ ಸದಸ್ಯ. ಇಪ್ಪತ್ತು ವರ್ಷ ದಾಟಿತು. ಸರ್ಕಾರಿ ದನದ ಡಾಕ್ಟರಾಗಿ ಕೊಡಗಿನ ಮೂಲೆಮೂಲೆ ಸುತ್ತಿ ಈಗ ನಿವೃತ್ತನಾಗಿದ್ದೇನೆ. ಇಷ್ಟು ವರ್ಷದಲ್ಲಿ ಅಲ್ಲಿ ಯಾರೂ ಒಂದು ಕೋಳಿಯ ತಲೆ ಕಡಿದದ್ದನ್ನೂ ನಾನು ಕಂಡಿಲ್ಲ.

ಅದು ತೋಟದ ಬಿಳಿಯ ದೊರೆಗಳ ಕಾಲದಲ್ಲಿ ಶುರುವಾದ ಗಂಡಸರ ಸಂಘ, ಅಂಥ ಸಂಘಕ್ಕೆ ಅವರು ಇಟ್ಟ ಹೆಸರು ಲಾಡ್ಜ್. ದೊರೆಗಳು ಹೋದರು, ಸಂಘ ಉಳಿಯಿತು. ಈಗ ಅದರಲ್ಲಿ ಕಾಫಿ ಬೆಳೆಗಾರರು, ವಕೀಲರು, ರಿಟೈರಾದ ಮೇಷ್ಟ್ರುಗಳು, ಒಬ್ಬ ಹಲ್ಲಿನ ಡಾಕ್ಟರು, ನನ್ನಂಥವರು ಇದ್ದಾರೆ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಕರಿ ಕೋಟು ಹಾಕಿಕೊಂಡು ಸೇರುತ್ತೇವೆ. ಬಾಗಿಲು ಮುಚ್ಚುತ್ತೇವೆ. ನಮ್ಮಲ್ಲೇ ಒಬ್ಬ ಹೊರಗೆ ಕತ್ತಿ ಹಿಡಿದು ಕಾವಲು ಕೂರುತ್ತಾನೆ. ಒಳಗೆ ನಡೆದದ್ದನ್ನು ಹೊರಗಿನವರಿಗೆ ಹೇಳುವುದಿಲ್ಲವೆಂದು ಎಲ್ಲರೂ ಆಣೆ ಮಾಡಿದ್ದೇವೆ. ನಮ್ಮ ಎಲ್ಲ ತಾಪತ್ರಯಕ್ಕೂ ಈ ಆಣೆಯೇ ಮೂಲ.

ಕತ್ತಿಯ ವಿಷಯಕ್ಕೆ ಬಂದರೆ ನನಗೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಇದು ಮನೆಮನೆಯ ಗೋಡೆಯಲ್ಲೂ ಕೋವಿ ತೂಗುವ ಜಿಲ್ಲೆ. ಮದುವೆಯಲ್ಲಿ ಕತ್ತಿ ಬೀಸಿ ಬಾಳೆದಿಂಡು ಕಡಿಯುತ್ತಾರೆ, ಯಾರೂ ಹುಬ್ಬೇರಿಸುವುದಿಲ್ಲ. ನಮ್ಮ ಕತ್ತಿಯಲ್ಲಿ ಬಾಳೆದಿಂಡು ಬಿಡಿ, ಬಾಳೆಹಣ್ಣು ಕತ್ತರಿಸುವುದೂ ಕಷ್ಟ. ಆದರೂ ಊರಿನವರಿಗೆ ಹೆದರಿಕೆ ಅದನ್ನು ಕಂಡೇ.

ಸಂಶಯ ಪಡುವವರು ಓದುಬರಹ ಇಲ್ಲದವರು ಎಂದು ನಮ್ಮ ಸಂಘದ ಹಿರಿಯರು ಸಮಾಧಾನ ಮಾಡಿಕೊಳ್ಳುತ್ತಿದ್ದರು. ಅದು ಶುದ್ಧ ಸುಳ್ಳು. ನನ್ನ ಭಾವಮೈದುನ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವನು. ಮನೆಗೆ ಬಂದಾಗಲೆಲ್ಲ ಮೊಬೈಲು ಮುಂದೆ ಹಿಡಿದು, "ಭಾವ, ಇದನ್ನೊಮ್ಮೆ ನೋಡಿ. ಪ್ರಪಂಚದ ಬ್ಯಾಂಕೆಲ್ಲ ನಿಮ್ಮವರ ಕೈಲಿ ಉಂಟಂತೆ" ಎನ್ನುತ್ತಾನೆ. ನಮ್ಮ ಕಟ್ಟಡದ ಹೆಂಚು ಸೋರಿ ಎರಡು ಮಳೆಗಾಲ ಕಳೆದಿತ್ತು, ರಿಪೇರಿಯಾಗಿರಲಿಲ್ಲ. ಪ್ರಪಂಚ ಆಳುವವರು ತಲೆಯ ಮೇಲೆ ಟಾರ್ಪಾಲು ಕಟ್ಟಿಕೊಂಡು ಕೂರುತ್ತಾರೆಯೇ ಎಂದು ಕೇಳಬೇಕೆನಿಸುತ್ತಿತ್ತು. ಕೇಳುತ್ತಿರಲಿಲ್ಲ. ಸುಮ್ಮನೆ ಮುಗುಳ್ನಗುತ್ತಿದ್ದೆ. ನನ್ನ ಹೆಂಡತಿ ಅರೆಭಾಷೆಯಲ್ಲಿ, "ನೀವು ಹೇಳ್ದೂ ಬೊಡ, ನಾ ಕೇಳ್ದೂ ಬೊಡ" ಎಂದು ಹೇಳಿ, ಆ ಮಾತೇ ಬೇಡ ಎನ್ನುವಂತೆ ಮದುವೆಯಾದ ಹೊಸದರಲ್ಲಿದ್ದ ಹಾಗೆ ಮುಖ ತಿರುಗಿಸಿ ಒಳಗೆ ಹೋಗುತ್ತಿದ್ದಳು.

ಆ ಮುಗುಳ್ನಗು ನಮ್ಮ ಸಂಘದ ದೊಡ್ಡ ರೋಗ. ಯಾರು ಏನು ಕೇಳಿದರೂ ನಾವು ಏನೋ ಗೊತ್ತಿರುವವರ ಹಾಗೆ ತುಟಿಯಂಚಿನಲ್ಲಿ ನಗುತ್ತೇವೆ. ಹೌದು ಎನ್ನುವುದಿಲ್ಲ, ಅಲ್ಲ ಎನ್ನುವುದೂ ಇಲ್ಲ. ಕೇಳಿದವನು ಹೊಟ್ಟೆಯೊಳಗೆ ಕುತೂಹಲ ತುಂಬಿಕೊಂಡು ಹೋಗಿ, ಉಪ್ಪು ಖಾರ ಹಚ್ಚಿ ನಾಲ್ಕು ಜನಕ್ಕೆ ಹೇಳುತ್ತಾನೆ. ಆಮೇಲೆ ನಾವು ಜನ ಮೂರ್ಖರೆಂದು ಬೇಸರ ಮಾಡಿಕೊಳ್ಳುತ್ತೇವೆ. ಸತ್ಯ ಹೇಳಬೇಕೆಂದರೆ ಆ ನಗುವಿನಲ್ಲಿ ಒಂದು ಖುಷಿಯೂ ಇತ್ತು. ಗುಟ್ಟು ಇರುವವನಿಗೆ ಇಲ್ಲದವನಿಗಿಂತ ಒಂದು ಮೆಟ್ಟಿಲು ಮೇಲೆ ನಿಂತ ಹಾಗಿರುತ್ತದೆ.

ಈಗ ಹೇಳಬೇಕಾದದ್ದು ನಮ್ಮ ಅಡುಗೆಯಮ್ಮನ ವಿಷಯ. ಮೀಟಿಂಗ್ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಊಟ ಮಾಡುವುದು ನಮ್ಮ ಪದ್ಧತಿ. ಕಟ್ಟಡದ ಹಿಂದಿನ ಅಡುಗೆಮನೆಯಲ್ಲಿ ಹದಿನೈದು ವರ್ಷಕ್ಕೂ ಮೇಲೆ ಅಡುಗೆ ಮಾಡಿದವರು ಕುಶಾಲನಗರದ ಕಡೆಯ ಒಬ್ಬ ಹೆಂಗಸು. ಅವರ ಹಿರಿಯರು ಹಾಸನದ ಕಡೆಯಿಂದ ಬಂದು ಅಲ್ಲಿ ಜಮೀನು ಮಾಡಿಕೊಂಡವರು. ಗಂಡ ತೀರಿಕೊಂಡ ಮೇಲೆ ಈಕೆ ತೋಟದ ಬಂಗಲೆಗಳಲ್ಲಿ ಅಡುಗೆ ಕಲಿತು, ಅಕ್ಕಿತರಿಯ ಉಂಡೆ ಕಡಂಬುಟ್ಟು, ಹಂದಿ ಕರಿ ಎಲ್ಲವನ್ನೂ ಇಲ್ಲಿಯವರೇ ಬೆರಳು ನೆಕ್ಕುವ ಹಾಗೆ ಮಾಡುತ್ತಿದ್ದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ನಾನು ಅಕ್ಕ ಎನ್ನುತ್ತಿದ್ದೆ, ಅವರು ಡಾಕ್ಟ್ರೆ ಎನ್ನುತ್ತಿದ್ದರು.

ಅಡುಗೆಮನೆಗೂ ನಾವು ಸೇರುವ ಹಾಲಿಗೂ ನಡುವೆ ಒಂದೇ ಗೋಡೆ. ಗೋಡೆಯ ಆ ಕಡೆ ಏನಿದೆ ಎಂದು ಅವರು ಅಷ್ಟು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ನೋಡಲು ನಾವು ಬಿಟ್ಟಿರಲಿಲ್ಲ. ಗುಡಿಸುವುದು, ಒರೆಸುವುದು ಎಲ್ಲ ಸದಸ್ಯರದೇ ಕೆಲಸ. ಊಟ ತಯಾರಾದಾಗ ಅವರು ಸೌಟಿನಲ್ಲಿ ಗೋಡೆಗೆ ಎರಡು ಸಲ ಕುಟ್ಟಬೇಕು, ಅಷ್ಟೇ. ಅವರನ್ನೂ ಊರು ಬಿಟ್ಟಿರಲಿಲ್ಲ. ಸಂತೆಯಲ್ಲಿ ಸಿಕ್ಕವರು, ಬಸ್ಸಿನಲ್ಲಿ ಪಕ್ಕ ಕೂತವರು ಎಲ್ಲರೂ, ಒಳಗೆ ಏನ್ ಮಾಡ್ತಾರೆ ಹೇಳಿ ಎಂದು ಪೀಡಿಸುತ್ತಿದ್ದರು. ಅವರು ಕೊಡುತ್ತಿದ್ದ ಉತ್ತರವನ್ನು ಒಮ್ಮೆ ನನ್ನ ಮುಂದೆಯೇ ಹೇಳಿದ್ದರು.

"ಒಳಗೆ ಏನ್ ಮಾಡ್ತಾರೋ ನಾ ಕಾಣೆ. ಹೊರಗೆ ಬಂದು ಮೂರು ಸಲ ಅನ್ನ ಹಾಕಿಸ್ಕೊತಾರೆ. ಒಬ್ಬೊಬ್ರಿಗೂ ಷುಗರು. ಇವರು ಯಾರ ತಲೆ ಕಡ್ದಾರು ಅಂತ ಕೇಳ್ತೀನಿ."

ನಮ್ಮ ಪರವಾಗಿ ಇಷ್ಟು ಚೆನ್ನಾಗಿ ಇನ್ನಾರೂ ವಾದ ಮಾಡಿರಲಿಲ್ಲ. ನಮ್ಮ ವಕೀಲರೂ ಮಾಡಿರಲಿಲ್ಲ.

ಒಂದು ಶನಿವಾರದ ಊಟಕ್ಕೆ ಹಂದಿ ಕರಿ ಬಾಯಿಗಿಟ್ಟರೆ ಸಿಹಿ. ಕರಿಗೆ ಹುಳಿಯಾಗಿ ಹಾಕುವ ಕಾಚಂಪುಳಿಯೂ ಕಪ್ಪು, ಕಾಡುಜೇನೂ ಕಪ್ಪು. ನಮ್ಮಲ್ಲಿ ಎರಡನ್ನೂ ಒಂದೇ ನಮೂನೆಯ ಹಳೇ ಬಾಟಲಿಯಲ್ಲಿ ತುಂಬಿಡುವುದು ರೂಢಿ. ಅವರು ಕಾಚಂಪುಳಿಯೆಂದು ಜೇನು ಸುರಿದಿದ್ದರು. ನಮ್ಮ ಅಧ್ಯಕ್ಷರು ಸೈನ್ಯದಿಂದ ರಿಟೈರಾದ ಕರ್ನಲ್, ಬಹಳ ಮರ್ಯಾದಸ್ಥ ಮನುಷ್ಯ. "ಹೊಸ ರೆಸಿಪಿ ಚೆನ್ನಾಗಿ ಉಂಟು" ಎಂದು ಹೇಳಿ ತಟ್ಟೆ ಖಾಲಿ ಮಾಡಿದರು. ನಾನು ಎದ್ದು ಅಡುಗೆಮನೆಗೆ ಹೋದೆ. ಅಕ್ಕ ಕಿಟಕಿಯ ಬೆಳಕಿನಲ್ಲಿ ಬಾಟಲಿಯನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದರು. ಎರಡೂ ಕಣ್ಣಿನ ಪಾಪೆಯಲ್ಲಿ ಬೂದು ಬಣ್ಣ ಕೂತಿತ್ತು. ಮುದಿಯಾದ ನಾಯಿಗಳ ಕಣ್ಣಿನಲ್ಲಿ ಅಂಥದನ್ನು ನಾನು ನೂರಾರು ಸಲ ನೋಡಿದವನು.

"ಅಕ್ಕ, ಪೊರೆ ಬಂದಿದೆ. ಬೇಗ ತೆಗೆಸಬೇಕು," ಎಂದೆ.

"ನೀವು ಹಸ ನೋಡೋ ಡಾಕ್ಟ್ರು. ನನ್ನ ಯಾಕೆ ನೋಡೀರಿ ಬುಡಿ," ಎಂದು ನಕ್ಕರು. ಆಮೇಲೆ ಮೆತ್ತಗೆ, "ಬಲಗಣ್ಣು ಅಷ್ಟಾಗಿ ಕಾಣಾಕಿಲ್ಲ. ಮನೇಲಿ ಹೇಳಿಲ್ಲ. ಹೇಳಿದ್ರೆ ಕೆಲಸ ಬುಡು ಅಂತಾರೆ," ಎಂದರು.

ಉಚಿತ ಕಣ್ಣಿನ ಶಿಬಿರ ಮಾಡೋಣ ಎಂಬ ಮಾತು ನಾನು ಎತ್ತಿದ್ದು ಹಾಗೆ. ಅಕ್ಕನಿಗೆ ಮೊದಲ ಹೆಸರು, ಜೊತೆಗೆ ಪಾಲಿಬೆಟ್ಟದ ಕಡೆಯ ತೋಟಗಳಲ್ಲಿ ಕೂಲಿಯವರ ಲೈನ್ ಮನೆಗಳ ವಯಸ್ಸಾದವರಿಗೂ ಆಗುತ್ತದೆ ಎಂದೆ. ಎಲ್ಲರೂ ಒಪ್ಪಿದರು. ಮೈಸೂರಿನಿಂದ ಕಣ್ಣಿನ ಡಾಕ್ಟರು ಬಂದು ಪರೀಕ್ಷೆ ಮಾಡಿ, ಬೇಕಾದವರಿಗೆ ಅಲ್ಲಿನ ತಮ್ಮ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಲು ಒಪ್ಪಿಕೊಂಡರು. ಪಾಲಿಬೆಟ್ಟದ ಹತ್ತಿರ ಒಂದು ಸಭಾಂಗಣ ಗೊತ್ತಾಯಿತು. ಬ್ಯಾನರ್ ಮಾಡಿಸುವ ಕೆಲಸವನ್ನು ನಾನೇ ವಹಿಸಿಕೊಂಡೆ.

ಫ್ಲೆಕ್ಸ್ ಅಂಗಡಿಯವರು ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುತ್ತ, "ಮೇಲೆ ಏನಾದ್ರೂ ಚಿತ್ರ ಹಾಕುವಾ ಸಾರ್?" ಎಂದು ಕೇಳಿದರು. ಒಳ್ಳೆಯ ಕೆಲಸ ಮಾಡುವಾಗ ಹೆಸರು ಮುಚ್ಚಿಡಬಾರದು, ಜನರಿಗೆ ನಮ್ಮ ಬಗ್ಗೆ ಇರುವ ತಪ್ಪು ಕಲ್ಪನೆಯೂ ಹೋಗಲಿ ಎಂದು ನನ್ನ ಲೆಕ್ಕ. ನಮ್ಮ ಲಾಂಛನ ಕೊಟ್ಟೆ. ತ್ರಿಕೋನ, ಅದರೊಳಗೆ ರೆಪ್ಪೆ ಇಲ್ಲದ ಒಂದು ಕಣ್ಣು, ಸುತ್ತ ಕಿರಣಗಳು. ಅವರು ಒಮ್ಮೆ ನನ್ನ ಮುಖ ನೋಡಿದರು. "ಈ ಕಣ್ಣೇ ಬೇಕಾ ಸಾರ್?" ಎಂದರು. ದೊಡ್ಡದಾಗಿಯೇ ಹಾಕಿ ಎಂದೆ. ಕೆಳಗೆ ಕೆಂಪು ಅಕ್ಷರದಲ್ಲಿ ಲಾಡ್ಜ್ ವತಿಯಿಂದ ಉಚಿತವಾಗಿ ಕಣ್ಣಿನ ಪೊರೆ ತೆಗೆಯಲಾಗುವುದು ಎಂದು ಬರೆಸಿದೆ. ಕಣ್ಣಿನ ಶಿಬಿರಕ್ಕೆ ಕಣ್ಣಿನದೇ ಗುರುತು, ಎಷ್ಟು ಹೊಂದಿತು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಇಪ್ಪತ್ತು ವರ್ಷದಿಂದ ಆ ಕಣ್ಣನ್ನು ನೋಡಿ ನೋಡಿ ಅದು ಹೊರಗಿನವರಿಗೆ ಹೇಗೆ ಕಾಣುತ್ತದೆ ಎನ್ನುವುದೇ ನನಗೆ ಮರೆತುಹೋಗಿತ್ತು. ಇಂಥ ತಪ್ಪನ್ನು ನಮ್ಮ ಸಂಘದವನೊಬ್ಬ ಮಾತ್ರ ಮಾಡಬಲ್ಲ.

ಬ್ಯಾನರನ್ನು ಪಾಲಿಬೆಟ್ಟದ ರಸ್ತೆಯಲ್ಲಿ ಎರಡು ಸಿಲ್ವರ್ ಓಕ್ ಮರಗಳ ನಡುವೆ ಕಟ್ಟಿಸಿದೆವು. ಎರಡೇ ದಿನ. ಲೈನ್ ಮನೆಗಳಿಂದ ಹಿಡಿದು ಹುದಿಕೇರಿಯ ತನಕ ಸುದ್ದಿ ಹಬ್ಬಿತು. ತಲೆ ಕಡಿಯೋ ಬಂಗ್ಲೆಯವರು ಈಗ ಕಣ್ಣು ತೆಗೆಯೋಕೆ ಶುರು ಮಾಡಿದ್ದಾರೆ. ತೆಗೆದ ಕಣ್ಣನ್ನು ಅವರ ದೇವರಿಗೆ ಇಡ್ತಾರೆ, ನೋಡಿ, ಬೋರ್ಡಲ್ಲೇ ಹಾಕಿದ್ದಾರೆ. ಬ್ಯಾನರಿನ ಫೋಟೋ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಲಾಡ್ಜ್ ಎಂಬ ಮಾತೂ ಕೈಕೊಟ್ಟಿತು. ಹೋಟೆಲ್ ರೂಮಿನಲ್ಲಿ ಕದ್ದುಮುಚ್ಚಿ ಆಪರೇಷನ್ ಮಾಡ್ತಾರಂತೆ ಎಂದವರೂ ಇದ್ದರು. ನನ್ನ ಭಾವಮೈದುನ ಫೋನ್ ಮಾಡಿ, "ಭಾವ, ನೀವಂತೂ ಅದ್ರಲ್ಲಿ ಇಲ್ಲ ತಾನೆ?" ಎಂದು ಕೇಳಿದ. ಮೈ ಉರಿದುಹೋಯಿತು.

ಶಿಬಿರದ ದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಡಾಕ್ಟರು, ಇಬ್ಬರು ನರ್ಸುಗಳು, ಕರಿ ಕೋಟಿನ ನಾವು ಖಾಲಿ ಬೆಂಚುಗಳನ್ನು ನೋಡುತ್ತ ಕೂತೆವು. ಒಬ್ಬ ತೋಟದ ಮಾಲೀಕರು ತಮ್ಮ ಡ್ರೈವರನ್ನು ಬಲವಂತವಾಗಿ ಕಳಿಸಿದ್ದರು. ಅವನ ಕಣ್ಣು ಸರಿಯಾಗಿಯೇ ಇತ್ತು. ನಾನು ಗೇಟು ನೋಡುತ್ತಿದ್ದದ್ದು ಅಕ್ಕನಿಗಾಗಿ. ಅವರು ಬರಲಿಲ್ಲ.

ಮುಂದಿನ ಮೀಟಿಂಗಿನಲ್ಲಿ ಇದರ ಚರ್ಚೆಯಾಯಿತು. ಒಬ್ಬರು ಪೊಲೀಸ್ ಕಂಪ್ಲೇಂಟ್ ಕೊಡೋಣ ಎಂದರು. ಇನ್ನೊಬ್ಬರು ಪತ್ರಿಕೆಗೆ ಸ್ಪಷ್ಟನೆ ಕೊಡೋಣ ಎಂದರು, ಆದರೆ ಏನೆಂದು ಬರೆಯುವುದು ಎಂಬ ಪ್ರಶ್ನೆ ಬಂದು ಸುಮ್ಮನಾದರು. ಹಲ್ಲಿನ ಡಾಕ್ಟರು ನಮ್ಮ ಪುಣ್ಯಕ್ಕೆ ಹಲ್ಲಿನ ಶಿಬಿರ ಮಾಡಲಿಲ್ಲ ಎಂದು ತಮಾಷೆ ಮಾಡಿದರು. ಎಲ್ಲರೂ ನಕ್ಕರು. ಕರ್ನಲ್ ಸಾಹೇಬರು, "ನಾವು ಯಾವತ್ತೂ ಯಾರಿಗೂ ಎಕ್ಸ್‌ಪ್ಲೇನ್ ಮಾಡಿದವರಲ್ಲ. ಬಿಡಿ, ಜನ ಮರೀತಾರೆ" ಎಂದು ಮುಗಿಸಿದರು. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಆ ಗೋಡೆಯ ಹಿಂದೆ ಅಂದು ಅಕ್ಕ ಇರಲಿಲ್ಲ. ಊಟ ಹೋಟೆಲಿನಿಂದ ಬಂದಿತ್ತು.

ಮರುವಾರ ಕುಶಾಲನಗರದ ಬಸ್ಸು ಹತ್ತಿ ಅವರ ಮನೆಗೆ ಹೋದೆ. ಸೊಸೆ ಬಾಗಿಲಲ್ಲೇ ನಿಂತು ಮಾತಾಡಿದಳು. ಒಳಗೆ ಬನ್ನಿ ಎನ್ನಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅಕ್ಕ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕಣ್ಣು ಕಾಯಿಯ ಮೇಲಿರಲಿಲ್ಲ, ಬೆರಳೇ ಎಲ್ಲ ಮಾಡುತ್ತಿತ್ತು.

"ಅಕ್ಕ, ನೀವೂ ಆ ಮಾತು ನಂಬಿದ್ರಾ?" ಎಂದೆ. ನನ್ನ ದನಿಯಲ್ಲಿ ಸಿಟ್ಟಿತ್ತು.

"ನಾ ನಂಬ್ಲಿಲ್ಲ ಡಾಕ್ಟ್ರೆ. ಆದ್ರೆ ಮನೇಲಿ ಮಗ, ಸೊಸೆ, ಬೀಗರು ಎಲ್ರೂ ಕೂತು ಕೇಳಿದ್ರು. ಹದಿನೈದು ವರ್ಷ ಅಲ್ಲಿದ್ದೆ ಅಂತೀಯ, ಒಳಗೆ ಏನದೆ ಹೇಳು ನೋಡಾನಾ ಅಂದ್ರು. ನಾ ಏನಂತ ಹೇಳ್ಲಿ? ನಂಗೆ ಗೊತ್ತಿಲ್ಲ ಅಂದೆ. ಗೊತ್ತಿಲ್ದಿರೋ ಕಡೆ ಕಣ್ಣು ಕೊಡ್ತೀಯಾ ಅಂದ್ರು."

ಅವರು ಕಾಯಿ ಸುಲಿಯುವುದು ನಿಲ್ಲಿಸಿ ನನ್ನ ದನಿ ಬಂದ ಕಡೆಗೆ ಮುಖ ಮಾಡಿದರು.

"ಈಗ ನೀವೇ ಹೇಳಿ. ಬಾಗ್ಲು ಹಾಕ್ಕೊಂಡು ಏನ್ ಮಾಡ್ತೀರಿ? ಒಂದು ಮಾತು ಹೇಳಿ, ಸಾಕು. ಮಗನ ಮುಂದೆ ಹೇಳಿಬುಟ್ಟು ನಾಳೆಯೇ ಮೈಸೂರಿಗೆ ಬರ್ತೀನಿ ನಿಮ್ ಜೊತೆ."

ಹೇಳಲು ಏನಿತ್ತು? ಹಿಂದಿನ ತಿಂಗಳ ವರದಿ ಓದುತ್ತೇವೆ. ಯಾವುದೋ ಕಾಲದ ಇಂಗ್ಲಿಷಿನಲ್ಲಿ ಒಂದು ನಾಟಕದಂಥದನ್ನು ಬಾಯಿಪಾಠ ಒಪ್ಪಿಸುತ್ತೇವೆ. ಅರ್ಧ ಜನಕ್ಕೆ ಮಾತು ಮರೆತಿರುತ್ತದೆ, ಇನ್ನರ್ಧ ಜನ ನಿದ್ದೆ ಹೋಗಿರುತ್ತಾರೆ. ಒಳ್ಳೆಯವರಾಗಿ ಬಾಳಬೇಕು ಎನ್ನುವುದೇ ಅದರ ಸಾರ. ಎರಡು ನಿಮಿಷದಲ್ಲಿ ಮುಗಿಯುವ ಮಾತು. ಆದರೆ ಕೊಟ್ಟ ಆಣೆ ನೆನಪಾಯಿತು. ಕರ್ನಲ್ ಸಾಹೇಬರ ಮುಖ ನೆನಪಾಯಿತು. ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಇಷ್ಟು ಸುಲಭಕ್ಕೆ ಬಿಟ್ಟುಕೊಟ್ಟರೆ ನನ್ನ ಬಳಿ ಏನು ಉಳಿಯುತ್ತದೆ ಎಂಬ ಸಣ್ಣತನವೂ ಇತ್ತು, ಇಲ್ಲ ಎನ್ನಲಾರೆ.

ನಾನು ಮುಗುಳ್ನಕ್ಕೆ. ಅವರಿಗೆ ಅದು ಕಾಣುವಷ್ಟು ದೃಷ್ಟಿ ಇತ್ತೋ ಇಲ್ಲವೋ ಗೊತ್ತಿಲ್ಲ. ಆದರೆ ನಾನು ಹೇಳುವುದಿಲ್ಲ ಎನ್ನುವುದು ಗೊತ್ತಾಯಿತು.

"ಆಯ್ತು ಬುಡಿ," ಎಂದು ಮತ್ತೆ ಅವರೆಕಾಯಿಗೆ ಕೈ ಹಾಕಿದರು. "ಕಾಫಿ ಕುಡ್ಕೊಂಡ್ ಹೋಗಿ."

ವಾಪಸು ಬರುವ ಬಸ್ಸಿನಲ್ಲಿ ನನಗೆ ಸಂಘದ ಮೇಲೆ, ಊರಿನ ಮೇಲೆ, ಆ ಫ್ಲೆಕ್ಸಿನ ಮೇಲೆ ಎಲ್ಲದರ ಮೇಲೂ ಕೋಪವಿತ್ತು. ನನ್ನ ಮೇಲಿನ ಕೋಪ ಮನೆ ತಲುಪಿದ ಮೇಲೆ ಬಂತು. ಸರ್ಕಾರಿ ಆಸ್ಪತ್ರೆಗಾದರೂ ಕರೆದುಕೊಂಡು ಹೋಗಿ ಎಂದು ಅಕ್ಕನ ಮಗನಿಗೆ ಫೋನ್ ಮಾಡಿದೆ. ಕೊಯ್ಲು ಮುಗಿಯಲಿ ಸಾರ್ ಎಂದ. ಆಮೇಲೆ ಮಳೆ ಮುಗಿಯಲಿ ಎಂದ. ಯಾರೇ ಕಣ್ಣಿನ ಮಾತೆತ್ತಿದರೂ ಆ ಮನೆಯಲ್ಲಿ ಈಗ ಒಂದು ಅಳುಕು ಇತ್ತು, ಅದನ್ನು ಹಾಕಿದ್ದು ನನ್ನ ಬ್ಯಾನರು.

ಈ ಕಡೆ ನಾನು ಸಂಘದಲ್ಲಿ ಹಟ ಹಿಡಿದೆ. ವರ್ಷಕ್ಕೊಂದು ದಿನ ಬಾಗಿಲು ತೆಗೆದಿಡೋಣ, ಬಂದವರು ನೋಡಿಕೊಂಡು ಹೋಗಲಿ ಎಂದೆ. ಮುಂಚೆ ಯಾರೂ ಮಾಡಿಲ್ಲ ಎಂದರು. ನಮ್ಮಂಥ ಸಂಘಗಳನ್ನೆಲ್ಲ ನೋಡಿಕೊಳ್ಳುವ ಮೇಲಿನವರನ್ನು ಕೇಳಬೇಕು ಎಂದರು. ಪತ್ರ ಬರೆದೆವು, ಉತ್ತರಕ್ಕೆ ಕಾದೆವು, ಮತ್ತೆ ಬರೆದೆವು. ಕೊನೆಗೆ ಬಂದ ಉತ್ತರ ಒಂದೇ ಸಾಲು. ಸ್ಥಳ ತೋರಿಸಲು ಅಭ್ಯಂತರವಿಲ್ಲ, ಯಾವತ್ತೂ ಇರಲಿಲ್ಲ ಎಂದಿತ್ತು. ಆ ಪತ್ರ ಓದಿದಾಗ ಬಂದಷ್ಟು ಸಿಟ್ಟು ನನಗೆ ಆ ವರ್ಷವೆಲ್ಲ ಇನ್ನೆಂದೂ ಬರಲಿಲ್ಲ.

ಪತ್ರ ಬರುವ ಹೊತ್ತಿಗೆ ಅಕ್ಕನನ್ನು ಮಗ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ಒಂದು ದಿನ ಕಣ್ಣು ಕೆಂಪಾಗಿ ತಲೆ ಸಿಡಿಯುವ ನೋವು ಬಂದ ಮೇಲೆ ಹೋದದ್ದು. ಪೊರೆ ಬಲಿತು ಕಣ್ಣಿನೊಳಗೆ ಒತ್ತಡ ಏರಿ ಬಲಗಣ್ಣಿನ ನರ ಸತ್ತಿತ್ತು. ಎಡಗಣ್ಣಿಗೆ ಆಪರೇಷನ್ ಮಾಡಿದರು. ತಡವಾಗಿತ್ತು. ಬೆಳಕು ನೆರಳು ಗೊತ್ತಾಗುತ್ತದೆ, ಎದುರು ನಿಂತವರ ಆಕಾರ ಮಂಜು ಮಂಜಾಗಿ ಕಾಣುತ್ತದೆ, ಇಷ್ಟೇ ಇನ್ನು ಎಂದು ಡಾಕ್ಟರು ಹೇಳಿದರಂತೆ. ಆರು ತಿಂಗಳು ಮೊದಲು ಬಂದಿದ್ದರೆ ಎಂದೂ ಹೇಳಿದರಂತೆ. ಇದನ್ನೆಲ್ಲ ಸೊಸೆ ನನಗೆ ಫೋನಿನಲ್ಲಿ ಹೇಳಿದಳು. ಅವಳ ಮಾತಿನಲ್ಲಿ ನನ್ನ ಮೇಲೆ ದೂರು ಇರಲಿಲ್ಲ, ಅದನ್ನು ಕೇಳುವುದು ಇನ್ನೂ ಕಷ್ಟವಾಯಿತು.

ಬಾಗಿಲು ತೆಗೆದ ಭಾನುವಾರ ಜನ ಬಂದರು. ನಾವು ಅಂದುಕೊಂಡದ್ದಕ್ಕಿಂತ ಹೆಚ್ಚೇ ಬಂದರು. ತಲೆಬುರುಡೆ ಎಲ್ಲಿ ಎಂದು ಕೇಳಿದರು, ಕುರ್ಚಿಯ ಕೆಳಗೆ ಬಗ್ಗಿ ನೋಡಿದರು, ಕತ್ತಿ ಹಿಡಿದು ಸೆಲ್ಫಿ ತೆಗೆದುಕೊಂಡರು. ಅರ್ಧ ಗಂಟೆಯಲ್ಲಿ ಬೇಸರ ಬಂದು ಹೋದರು. ನನ್ನ ಭಾವಮೈದುನ ಮಾತ್ರ, ನಿಜವಾದ ರೂಮು ಬೇರೆ ಎಲ್ಲೋ ಉಂಟು ಎಂದು ಪಿಸುಗುಟ್ಟಿದ.

ಹನ್ನೊಂದು ಗಂಟೆಯ ಹೊತ್ತಿಗೆ ಅಕ್ಕ ಸೊಸೆಯ ಕೈ ಹಿಡಿದುಕೊಂಡು ಬಂದರು. ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಕರೆದಿದ್ದೆ ಅಷ್ಟೇ. ಅಭ್ಯಾಸ ಬಲದಿಂದ ಅವರ ಕಾಲು ಅಡುಗೆಮನೆಯ ಕಡೆಗೇ ತಿರುಗಿತು. ನಾನು ತೋಳು ಹಿಡಿದು ಮುಂಬಾಗಿಲಿನಿಂದ ಒಳಗೆ ಕರೆದುಕೊಂಡು ಬಂದೆ. ಹಾಲಿನ ಮಧ್ಯೆ ನಿಂತು ಅವರು ಮುಖ ಎತ್ತಿ ಸುತ್ತ ತಿರುಗಿದರು.

"ಏನದೆ ಇಲ್ಲಿ? ಹೇಳಿ."

ಆಗ ಹೇಳಿದೆ. ಕೆಳಗೆ ಕಪ್ಪು ಬಿಳುಪಿನ ಚೌಕದ ನೆಲ, ಮೂರು ದೊಡ್ಡ ಕುರ್ಚಿ, ಗೋಡೆಯಲ್ಲಿ ಸತ್ತುಹೋದ ಅಧ್ಯಕ್ಷರ ಫೋಟೋಗಳು, ಮಾಡಿನಲ್ಲಿ ಸೋರಿದ ಕಲೆ. ತಿಂಗಳ ಆ ಒಂದು ಶನಿವಾರ ಇಲ್ಲಿ ಏನು ಮಾಡುತ್ತೇವೆ, ಯಾರು ಎಲ್ಲಿ ಕೂತು ನಿದ್ದೆ ಮಾಡುತ್ತಾರೆ, ಎಲ್ಲವನ್ನೂ ಹೇಳಿದೆ. ಕರ್ನಲ್ ಸಾಹೇಬರು ಪಕ್ಕದಲ್ಲೇ ನಿಂತಿದ್ದರು, ತಡೆಯಲಿಲ್ಲ. ಅಕ್ಕ ಒಂದೊಂದಕ್ಕೂ ಹೂಂ, ಹೂಂ ಎನ್ನುತ್ತ ಕೇಳಿದರು. ಒಂದು ಕುರ್ಚಿಯ ತೋಳನ್ನು ಕೈಯಿಂದ ಸವರಿ ನೋಡಿದರು.

"ಇಷ್ಟೇಯಾ?"

"ಇಷ್ಟೇ ಅಕ್ಕ."

ಅವರು ಕುರ್ಚಿಯ ತೋಳಿನಿಂದ ಕೈ ತೆಗೆದರು. ದನಿಯಲ್ಲಿ ಕೋಪವಿರಲಿಲ್ಲ. ಮನೆಯವರಲ್ಲಿ ಒಬ್ಬನನ್ನು ವಿಚಾರಿಸುವ ಹಾಗೆಯೇ ಕೇಳಿದರು.

"ಇದನ್ನ ಅವತ್ತು ಜಗಲೀಲಿ ಕೂತ್ಕೊಂಡು ಹೇಳಾಕೆ ನಿಮಗೆ ಏನಾಗಿತ್ತು ಡಾಕ್ಟ್ರೆ?"